ಕವರಿನ ಹಿಂದಿನ ಹೆಸರು

ಠಾಣೆಗೆ ಬರುವ ಕಳ್ಳತನದ ದೂರುಗಳಿಗೆ ಒಂದು ಜಾಡು ಇದೆ. ಮೊಬೈಲು, ಬೈಕು, ಕತ್ತಿನ ಸರ, ತೋಟದ ಪಂಪ್‌ಸೆಟ್ಟಿನ ಕೇಬಲ್ಲು. ರೈಟರ್ ಶಿವಮೂರ್ತಿ ಇವನ್ನೆಲ್ಲ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ. 2025ರ ನವೆಂಬರ್ 10, ಸೋಮವಾರ ಬೆಳಿಗ್ಗೆ 10.40ಕ್ಕೆ ತುಮಕೂರಿನ ಆ ಠಾಣೆಗೆ ಬಂದ ಕಿರಣ್‌ಕುಮಾರ್ ಮಾತ್ರ ಅವನ ಪೆನ್ನು ನಿಲ್ಲಿಸಿಬಿಟ್ಟ. ಮನೆಯಿಂದ ಗ್ರಾಮಫೋನ್ ರೆಕಾರ್ಡಿನ ಕವರ್ ಕಳುವಾಗಿದೆ, ರೆಕಾರ್ಡು ಅಲ್ಲೇ ಇದೆ ಎಂಬುದು ದೂರು. ಅಕ್ಕಿ ಬಿಟ್ಟು ಚೀಲ ಕದ್ದ ಕಳ್ಳ ಯಾವನು ಸಾರ್ ಎಂದು ಶಿವಮೂರ್ತಿ ನಕ್ಕ. ಕಿರಣ್‌ಕುಮಾರ್ ನಗಲಿಲ್ಲ. ರಾತ್ರಿಯೆಲ್ಲ ಮನೆ ಹುಡುಕಿದವನ ಕಣ್ಣು ಕೆಂಪಾಗಿತ್ತು.

ಸಬ್ ಇನ್‌ಸ್ಪೆಕ್ಟರ್ ಮಾನಸಾ ಅವನನ್ನು ಒಳಗೆ ಕರೆಸಿ ಕೂರಿಸಿದಳು. ಅವನಿಗೆ ನಲವತ್ತೆರಡು ವರ್ಷ. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಬೇರಿಂಗ್‌ಗಳ ಗುಣಮಟ್ಟ ಪರೀಕ್ಷಿಸುವ ಕೆಲಸ. ಹುಚ್ಚು ಮಾತ್ರ ಜಾಝ್ ರೆಕಾರ್ಡುಗಳದ್ದು. ಕಳುವಾದ ಕವರ್ 1972ರಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ಕಂಟೋನ್ಮೆಂಟ್ ಆಫ್ಟರ್ ಸೆವೆನ್’ ಎಂಬ ಆಲ್ಬಮ್ಮಿನದು. ಲೆಸ್ಲಿ ಪಿಂಟೊ ಎಂಬ ಪಿಯಾನೋ ವಾದಕನ ಐದು ಜನರ ತಂಡ ಒಂದೇ ದಿನದಲ್ಲಿ, ಒಂದೇ ಕೋಣೆಯಲ್ಲಿ ನುಡಿಸಿ ಮುಗಿಸಿದ ರೆಕಾರ್ಡು. ಅಚ್ಚಾಗಿದ್ದು ಮುನ್ನೂರು ಪ್ರತಿ. ಎರಡು ವರ್ಷದ ಹಿಂದೆ ಶಿರಾಗೇಟಿನ ಗುಜರಿಯಲ್ಲಿ ಕಿರಣ್‌ಕುಮಾರನಿಗೆ ಸಿಕ್ಕಿದ್ದು ಬಿಟ್ಟರೆ ಕವರ್ ಸಮೇತ ಉಳಿದ ಬೇರೆ ಪ್ರತಿ ಇರುವುದು ಯಾರಿಗೂ ಗೊತ್ತಿಲ್ಲ. ಅವನು ಅದರ ಸಂಗೀತವನ್ನು ಇಂಟರ್ನೆಟ್ಟಿಗೆ ಹಾಕಿದ ಮೇಲೆ ಜಪಾನಿನಿಂದ, ಪೋಲೆಂಡಿನಿಂದ ಜನ ಪತ್ರ ಬರೆಯತೊಡಗಿದ್ದರು.

ಐವರಲ್ಲಿ ನಾಲ್ವರು ತೀರಿಕೊಂಡಿದ್ದರು. ಉಳಿದವರು ಸ್ಯಾಕ್ಸೋಫೋನ್ ನುಡಿಸಿದ ಕುಣಿಗಲ್ಲಿನ ಶಿವರಾಮಯ್ಯ. ಮದುವೆ ಬ್ಯಾಂಡ್‌ಸೆಟ್ಟಿನಿಂದ ಬಂದವರು, ಈಗ ಎಪ್ಪತ್ತೆಂಟು ವರ್ಷ. ಬರುವ ಭಾನುವಾರ, ಅಂದರೆ 16ನೇ ತಾರೀಕು, ತುಮಕೂರಿನಲ್ಲಿ ಅವರಿಗೆ ಸನ್ಮಾನ. ಅದೇ ದಿನ ಬೆಂಗಳೂರಿನ ಕಂಪನಿಯೊಂದು ಆ ಆಲ್ಬಮ್ಮನ್ನು ಮತ್ತೆ ಅಚ್ಚು ಹಾಕುವುದಾಗಿ ಘೋಷಿಸಬೇಕಿತ್ತು. ಹೊಸ ಕವರಿಗೆ ಪಡಿಯಚ್ಚು ತೆಗೆಯಬೇಕಾದ್ದು ಮೂಲ ಕವರಿನಿಂದಲೇ, ಅದಿಲ್ಲದೆ ಆಗುವ ಮಾತಲ್ಲ.

ಬರೀ ರಟ್ಟಿಗೆ ಇಷ್ಟು ರಂಪವೇಕೆ ಎಂದು ಮಾನಸಾ ಕೇಳಿದಳು.

“ಜಾಝ್‌ನಲ್ಲಿ ಕವರಿನ ಹಿಂಭಾಗ ಅಂದ್ರೆ ನಿಮ್ಮ ಪಂಚನಾಮೆ ಇದ್ದಂಗೆ ಮೇಡಂ. ಯಾರು ನುಡಿಸಿದ್ರು, ಯಾವ ತಾರೀಕು, ಯಾವ ಕೋಣೆ, ಎಲ್ಲಾ ಅಲ್ಲೇ ಇರುತ್ತೆ. ಅದು ಹೋದ್ರೆ ಯಾರೋ ಏನೋ ನುಡಿಸಿದ್ರು ಅಂತಷ್ಟೇ.”

ಆ ಹೋಲಿಕೆ ಮಾನಸಾಗೆ ಹಿಡಿಸಿತು. ಅಪರಾಧ ಸಂಖ್ಯೆ 214/2025, ಭಾರತೀಯ ನ್ಯಾಯ ಸಂಹಿತೆ ಕಲಂ 305, ವಾಸದ ಮನೆಯಲ್ಲಿ ಕಳ್ಳತನ ಎಂದು ಎಫ್‌ಐಆರ್ ದಾಖಲಾಯಿತು. ಶಿವಮೂರ್ತಿ ಕಳುವಾದ ಮಾಲಿನ ಅಂಕಣದಲ್ಲಿ ‘ರಟ್ಟಿನ ಕವರ್, ಒಂದು’ ಎಂದು ಬರೆದು, ಅದನ್ನೇ ಒಂದು ಗಳಿಗೆ ನೋಡುತ್ತ ಕೂತ.

ಮಧ್ಯಾಹ್ನ 12.15ಕ್ಕೆ ಮಾನಸಾ ಮತ್ತು ಹೆಡ್ ಕಾನ್‌ಸ್ಟೆಬಲ್ ಭೀಮರಾಜ್ ಅಶೋಕನಗರದ ಕಿರಣ್‌ಕುಮಾರನ ಮನೆ ತಲುಪಿದರು. ಮಹಡಿಯ ಕೋಣೆಯ ಮೂರು ಗೋಡೆಗೂ ರೆಕಾರ್ಡುಗಳೇ. ಬಾಗಿಲು ಮುರಿದ ಗುರುತಿಲ್ಲ, ಕಿಟಕಿಯ ಚಿಲಕ ಭದ್ರವಾಗಿತ್ತು. ಹಿಂದಿನ ದಿನ, ಭಾನುವಾರ ಹನ್ನೊಂದರಿಂದ ಒಂದು ಗಂಟೆಯವರೆಗೆ ಅಲ್ಲಿ ಆರೇಳು ಜನ ಕೂತು ಆ ರೆಕಾರ್ಡು ಕೇಳಿದ್ದರು. ಆಮೇಲೆ ಕೆಳಗೆ ಊಟ. ಸಂಜೆ ಕಿರಣ್‌ಕುಮಾರ್ ಮೇಲೆ ಬಂದು ನೋಡಿದಾಗ ಕವರ್ ಇರಲಿಲ್ಲ. ರೆಕಾರ್ಡು ತಿರುಗುವ ಯಂತ್ರದ ಮೇಲೆಯೇ ಇತ್ತು, ಆದರೆ ಯಾರೋ ಅದನ್ನು ಒಂದು ಬಿಳಿ ಬಟ್ಟೆಯಿಂದ ಅಚ್ಚುಕಟ್ಟಾಗಿ ಮುಚ್ಚಿದ್ದರು.

ಆ ಬಟ್ಟೆಯನ್ನು ಅವನು ಮುಟ್ಟದೆ ಹಾಗೇ ಬಿಟ್ಟಿದ್ದ. ಹಳೆಯ ಪಂಚೆಯ ತುಂಡು. ಒಂದು ಮೂಲೆಗೆ ಉದ್ದನೆಯ ದಾರ, ದಾರದ ತುದಿಗೆ ಹಿತ್ತಾಳೆಯ ನಟ್ಟು. ಮಾನಸಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಏನೂ ಹೊಳೆಯಲಿಲ್ಲ. ಭೀಮರಾಜ್ ಆ ಹೊತ್ತಿಗೆ ಪಂಚಸಾಕ್ಷಿಗಳನ್ನು ಹುಡುಕಿ ಮೇಲೆ ಕಳಿಸಿ, ಅಕ್ಕಪಕ್ಕದವರನ್ನು ವಿಚಾರಿಸುತ್ತ ಬೀದಿಯಲ್ಲೇ ಉಳಿದಿದ್ದ. ಬಟ್ಟೆಯನ್ನು ಜಪ್ತಿ ಮಾಡಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿದ್ದಾಯಿತು. ಭೀಮರಾಜ್ ಐದು ನಿಮಿಷ ಮೊದಲು ಮೇಲೆ ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು ಎಂದು ಆಮೇಲೆ ಮಾನಸಾ ಕೊರಗಿದಳು.

ಹೊರಡುವ ಮುನ್ನ ಕಿರಣ್‌ಕುಮಾರ್ ರೆಕಾರ್ಡು ಹಾಕಿದ. ಮಾನಸಾಗೆ ಈ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೂ ಸ್ಯಾಕ್ಸೋಫೋನ್ ಶುರುವಾದಾಗ ಅವಳು ಬಾಗಿಲಲ್ಲೇ ನಿಂತಳು. ತಾಳ ಮುಂದೆ ಹೋಗುತ್ತಿತ್ತು, ಊದುವವನು ಕೂದಲೆಳೆಯಷ್ಟು ತಡವಾಗಿ ಬರುತ್ತಿದ್ದ, ಬೇಕೆಂದೇ ಕಾಯಿಸುವವನ ಹಾಗೆ. ಅದರ ಅಡಿಯಲ್ಲಿ ಇನ್ನೊಂದು ಸದ್ದಿತ್ತು, ಒಂದು ಭಾರ, ಒಂದು ಹಗುರ. ದಪ್, ತಪ್. ದಪ್, ತಪ್. ಅದೇನೆಂದು ಅವಳು ಕೇಳಿದಳು. ಜಗತ್ತಿನ ಜಾಝ್ ಹುಚ್ಚರೆಲ್ಲ ಅದಕ್ಕೇ ಜಗಳವಾಡುತ್ತಾರೆ ಎಂದ ಕಿರಣ್‌ಕುಮಾರ್. ಡ್ರಮ್ಮಿನ ಪೆಡಲ್ ಸಡಿಲವಾಗಿತ್ತು ಅಂತ ಕೆಲವರು, ಪಕ್ಕದ ಕಟ್ಟಡದಲ್ಲಿ ಮರ ಕುಟ್ಟುತ್ತಿದ್ದರು ಅಂತ ಕೆಲವರು.

ಭಾನುವಾರ ಬಂದಿದ್ದವರ ಪಟ್ಟಿ ಕೇಳಿದಾಗ ಅವನು ಐದು ಹೆಸರು ಬರೆದುಕೊಟ್ಟ. ಅದರಲ್ಲಿ ಒಬ್ಬ ಮಂಡಿಪೇಟೆಯ ಹಳೆ ರೆಕಾರ್ಡು ಅಂಗಡಿಯ ಮಲ್ಲಿಕಾರ್ಜುನ್. ಕವರ್ ನಂಗೆ ಕೊಡಿ, ತಟ್ಟೆ ನೀವೇ ಇಟ್ಟುಕೊಳ್ಳಿ ಎಂದು ಅವನು ಆರು ತಿಂಗಳಿಂದ ಗೋಗರೆಯುತ್ತಿದ್ದನಂತೆ. ಇಷ್ಟು ಸಾಕಾಯಿತು. ಮಾನಸಾ ಬೇರೆ ಏನನ್ನೂ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ 11.20ಕ್ಕೆ ಮಲ್ಲಿಕಾರ್ಜುನನನ್ನು ಅಂಗಡಿಯಿಂದ ಜೀಪಿನಲ್ಲಿ ಕರೆತಂದರು. ಮಂಡಿಪೇಟೆಯಲ್ಲಿ ಆ ಹೊತ್ತಿಗೆ ಎಷ್ಟು ಜನ ಇರುತ್ತಾರೆಂದು ತುಮಕೂರಿನವರಿಗೆ ಹೇಳಬೇಕಿಲ್ಲ. ನಾಲ್ಕು ಗಂಟೆ ಅವನು ಠಾಣೆಯ ಬೆಂಚಿನ ಮೇಲೆ ಕೂತ. ಅಂಗಡಿಯನ್ನೂ ಮನೆಯನ್ನೂ ಶೋಧಿಸಿದರು, ಏನೂ ಸಿಗಲಿಲ್ಲ. ಭಾನುವಾರ ಊಟದ ನಂತರ ಅವನು ಮೇಲೆ ಹೋಗಲೇ ಇಲ್ಲವೆಂದು ಉಳಿದ ನಾಲ್ವರೂ ಹೇಳಿದರು. ಕಳಿಸುವಾಗ ಮಾನಸಾ ಕೇಸಿನ ಸಲುವಾಗಿ ಕರೆಸಿದ್ದು ಎಂದಷ್ಟೇ ಅಂದಳು. ಅವನು ಚಪ್ಪಲಿ ಮೆಟ್ಟಿಕೊಂಡ. ಗೇಟಿನಾಚೆ ಅವನ ಮಗಳು ಕಾಲೇಜಿನ ಬ್ಯಾಗ್ ತಗುಲಿಸಿಕೊಂಡು ನಿಂತಿದ್ದಳು, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನಡೆದು ಹೋದರು. ತಾನು ತಪ್ಪು ಮಾಡಿದೆನೆಂದು ಮಾನಸಾಗೆ ಆ ಕ್ಷಣವೇ ಗೊತ್ತಾಯಿತು. ಹಿಂದೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ, ಫೈಲು ತೆರೆದಳು.

ಬುಧವಾರ, ನವೆಂಬರ್ 12, ಬೆಳಿಗ್ಗೆ 9.30. ಜಪ್ತಿಯಾದ ವಸ್ತುಗಳನ್ನು ದಾಖಲಿಸುವ ಮುದ್ದೆಮಾಲಿನ ಪುಸ್ತಕಕ್ಕೆ ವಿವರ ಬರೆಯಲು ಭೀಮರಾಜ್ ಲಕೋಟೆಯ ಮೇಲಿನ ಚೀಟಿ ಓದಿದ. ಪಂಚೆ ತುಂಡು, ದಾರ, ಹಿತ್ತಾಳೆ ನಟ್ಟು ಎಂಬುದನ್ನು ಎರಡು ಸಲ ಓದಿ, ಮಾನಸಾಳ ಮೇಜಿನ ಬಳಿ ಬಂದು ನಿಂತ. ಅವನ ಊರು ಗುಬ್ಬಿ. ಸೋದರಮಾವ ಮೂವತ್ತು ವರ್ಷ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದಿದವರು.

“ಮೇಡಂ, ಇದು ಊದೋರ ಬಟ್ಟೆ. ಕೊಳವೆ ಒಳಕ್ಕೆ ನಟ್ಟು ಬುಟ್ಟು ಆ ಕಡೆಯಿಂದ ಎಳೀತಾರೆ, ಎಂಜಲೆಲ್ಲ ಒರಸ್ಕೊಂಡು ಬತ್ತದೆ. ಜೇಬಲ್ಲಿ ಇದಿಲ್ದೆ ಯಾವನೂ ಮನೆ ಬುಟ್ಟು ಹೊರಡಲ್ಲ.”

“ಕದಿಯೋಕೆ ಬಂದೋನು ಇದನ್ನ ಯಾಕೆ ಬಿಟ್ಟು ಹೋಗ್ತಾನೆ?”

“ತಟ್ಟೆ ಬರಿ ಮೈಲಿ ಇತ್ತಲ್ಲ ಮೇಡಂ. ಊದೋರು ಊದೋ ಸಾಮಾನಿನ ಮ್ಯಾಲೆ ಧೂಳು ಕೂರಕ್ಕೆ ಬುಡಲ್ಲ. ಕೈ ತಡೆಯಲ್ಲ ಅವ್ರಿಗೆ.”

ಮಾನಸಾ ಕಿರಣ್‌ಕುಮಾರನಿಗೆ ಫೋನು ಮಾಡಿ, ಭಾನುವಾರ ಬಂದವರಲ್ಲಿ ಊದುವವರು ಯಾರಿದ್ದರು ಎಂದು ಕೇಳಿದಳು. ಬಂದು ಹೇಳುತ್ತೇನೆ ಎಂದು ಅವನು ಫೋನಿಟ್ಟ. ಅರ್ಧ ಗಂಟೆಯಲ್ಲಿ ಅವನು ಯೂನಿಫಾರ್ಮಿನಲ್ಲೇ ಠಾಣೆಗೆ ಬಂದ. ಪಟ್ಟಿಯಲ್ಲಿ ಆರನೆಯ ಹೆಸರನ್ನು ಅವನು ಬರೆದೇ ಇರಲಿಲ್ಲ. ಅವರನ್ನು ಸಂಶಯಿಸುವುದು ಹೇಗೆ? ಹಾರ ಹಾಕಿಸಿಕೊಳ್ಳಬೇಕಾದವರೇ ಅವರು. ಶಿವರಾಮಯ್ಯ ಭಾನುವಾರ ವಾದ್ಯದ ಪೆಟ್ಟಿಗೆ ತಂದಿದ್ದರು, ಎಷ್ಟು ಕೇಳಿದರೂ ಊದಲಿಲ್ಲ, ಊಟಕ್ಕೆ ಎಲ್ಲರೂ ಇಳಿದಾಗ ಕಣ್ಣು ಮುಚ್ಚಿ ಒಂದು ಗಳಿಗೆ ಕೂತು ಬರುತ್ತೇನೆ ಎಂದಿದ್ದರು. ಹೊರಡುವಾಗ ಆ ಪೆಟ್ಟಿಗೆಯನ್ನು ಆಟೋಗೆ ಹೊತ್ತು ತಂದಿಟ್ಟವನು ಕಿರಣ್‌ಕುಮಾರನೇ.

ಅವನು ಇನ್ನೇನನ್ನೋ ಹೇಳಲು ತಡವರಿಸುತ್ತಿದ್ದ.

“ಮೂರು ವಾರದ ಹಿಂದೆ ಫೋನಲ್ಲಿ ಹೇಳಿದ್ರು ಮೇಡಂ, ‘ಅದರಲ್ಲಿ ಊದಿದ್ದು ನಾನಲ್ಲಪ್ಪ’ ಅಂತ. ವಿನಯಕ್ಕೆ ಹೇಳ್ತಿದಾರೆ ಅನ್ಕೊಂಡೆ.” ಮತ್ತೆ ಸೇರಿಸಿದ. “ಹಂಗೆ ಅನ್ಕೋಬೇಕು ಅಂತ ಅನ್ಕೊಂಡೆ. ಬ್ಯಾನರ್ ಪ್ರಿಂಟ್ ಆಗಿತ್ತು.”

ದೂರು ವಾಪಸ್ ಪಡೆಯುತ್ತೇನೆ, ಕವರ್ ಸಿಕ್ಕರೆ ಸಾಕು, ಭಾನುವಾರದ ಕಾರ್ಯಕ್ರಮ ಹಾಗೇ ನಡೆಯಲಿ ಎಂದು ಅವನು ಬೇಡಿಕೊಂಡ. ಎಫ್‌ಐಆರ್ ಆದ ಮೇಲೆ ಅದು ಠಾಣೆಯ ಮಟ್ಟದಲ್ಲಿ ಮುಗಿಯುವುದಿಲ್ಲ ಎಂದು ಮಾನಸಾ ಎದ್ದಳು.

ಮಾನಸಾ, ಭೀಮರಾಜ್ ಮತ್ತು ಕಾನ್‌ಸ್ಟೆಬಲ್ ಭೂಮಿಕಾ ಮಧ್ಯಾಹ್ನ 1.25ಕ್ಕೆ ಕುಣಿಗಲ್ ತಲುಪಿದರು. ಶಿವರಾಮಯ್ಯನವರ ಮನೆ ಕೆರೆ ಏರಿಗೆ ಹತ್ತಿರ. ಮುಂದಿನ ಕೋಣೆಯಲ್ಲಿ ಮಗಳ ಟೈಲರಿಂಗ್ ಅಂಗಡಿ, ಹಿಂದೆ ವಾಸ. ಅವರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಎತ್ತರದ ಆಳು, ನೆಟ್ಟಗಿನ ಬೆನ್ನು, ನಡಿಗೆಯಲ್ಲಿ ಚೂರೂ ವ್ಯತ್ಯಾಸವಿಲ್ಲ. ಖಾಕಿ ನೋಡಿದರೂ ಗಾಬರಿಯಾಗಲಿಲ್ಲ. ಮಾನಸಾ ಬಟ್ಟೆಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದಳು.

“ತಟ್ಟೆಗೆ ಧೂಳು ಕೂತಿಲ್ಲ ತಾನೆ?” ಎಂದರು ಅವರು.

“ಕವರ್ ತಗೊಂಡಿದ್ದು ನೀವಾ?”

“ಹೂಂ.”

“ಯಾಕೆ?”

“ಅದ್ರಲ್ಲಿ ಊದಿರೋನು ನಾನಲ್ಲ.”

ಹೊಲಿಗೆ ಯಂತ್ರ ನಿಂತುಹೋಯಿತು. ಮಗಳು ಬಾಗಿಲಿಗೆ ಬಂದು ನಿಂತಳು. ಅವಳಿಗೂ ಇದು ಹೊಸ ಸುದ್ದಿ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಶಿವರಾಮಯ್ಯ ಅವಳ ಕಡೆ ತಿರುಗದೆ ಹೇಳತೊಡಗಿದರು. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಮಾನಸಾ ಎಚ್ಚರಿಸಿದಾಗ, ನಿಲ್ಲದಿದ್ದರೆ ಬೇಡ, ಬರೆದಿಟ್ಟುಕೊಳ್ಳಿ ಎಂದರು.

1972ರ ಆ ರೆಕಾರ್ಡಿಂಗಿಗೆ ಲೆಸ್ಲಿ ಪಿಂಟೊ ಕರೆದಿದ್ದು ಶಿವರಾಮಯ್ಯನನ್ನೇ. ಬೆಂಗಳೂರಿನ ಯಾವುದೋ ಮದುವೆಯಲ್ಲಿ ಅವನು ಊದುವುದನ್ನು ಕೇಳಿ ಮೆಚ್ಚಿದ್ದ. ಕಂಪನಿ ಸಣ್ಣದು, ಕವರುಗಳನ್ನು ವಾರ ಮುಂಚೆಯೇ ಅಚ್ಚು ಹಾಕಿಸಿತ್ತು. ಮುಂದೆ ಶಿವರಾಮಯ್ಯ ಸ್ಯಾಕ್ಸೋಫೋನ್ ಹಿಡಿದ ಫೋಟೋ, ಹಿಂದೆ ಐವರ ಹೆಸರು. ರೆಕಾರ್ಡಿಂಗಿಗೆ ಮೊದಲು ಮೂರು ದಿನ ಬಿಡುವಿಲ್ಲದ ಮದುವೆಗಳು, ಅವನ ತುಟಿ ಒಡೆದು ರಕ್ತ ಬಂತು. ಆಗ ಬ್ಯಾಂಡ್‌ಸೆಟ್ಟಿನ ಜೊತೆಗಾರ, ಗುಬ್ಬಿಯ ಯಲ್ಲಯ್ಯನನ್ನು ಬಸ್ಸು ಹತ್ತಿಸಿಕೊಂಡು ಕರೆದುಕೊಂಡು ಹೋದ.

ಯಲ್ಲಯ್ಯನ ಎಡಗಾಲು ಗಿಡ್ಡ. ಮೆರವಣಿಗೆಯಲ್ಲಿ ನಡೆಯುತ್ತಲೇ ಊದಿ ಅಭ್ಯಾಸವಾದವನಿಗೆ ನಿಂತಲ್ಲಿ ನಿಂತು ಊದಲು ಬರಲಿಲ್ಲ. ಎರಡು ಸಲ ಪ್ರಯತ್ನಿಸಿದರೂ ಉಸಿರು ಕಟ್ಟಿತು. ಕೊನೆಗೆ ಪಿಂಟೊ, ನಡಿ ಮಾರಾಯ, ಇದ್ದಲ್ಲೇ ನಡಿ ಎಂದ. ಕಾಲ ಕೆಳಗೆ ಗೋಣಿಚೀಲ ಹಾಸಿದರು. ಯಲ್ಲಯ್ಯ ಇದ್ದಲ್ಲೇ ಹೆಜ್ಜೆ ಹಾಕುತ್ತ ಊದಿದ. ಕುಂಟು ಕಾಲು ನೆಲ ಮುಟ್ಟುವವರೆಗೆ ಅವನ ಸ್ವರವೂ ಕಾಯುತ್ತಿತ್ತು. ಗೋಣಿಚೀಲ ಹಾಸಿದರೂ ಸದ್ದು ರೆಕಾರ್ಡಿಗೆ ಇಳಿಯಿತು. ಜಪಾನಿನವರು ಹೊಗಳುವ ಆ ತಡ ಏನೆಂದು ಮಾನಸಾಗೆ ಈಗ ಅರ್ಥವಾಯಿತು.

ಹೆಸರಿನ ಮೇಲೆ ಚೀಟಿ ಅಂಟಿಸುತ್ತೇನೆ ಎಂದಿದ್ದ ಪಿಂಟೊ ಅಂಟಿಸಲಿಲ್ಲ, ವರ್ಷದೊಳಗೆ ದೇಶ ಬಿಟ್ಟ. ರೆಕಾರ್ಡು ಕೇಳಿದ ಬೆಂಗಳೂರಿನ ಹೋಟೆಲೊಂದು ಶಿವರಾಮಯ್ಯನಿಗೆ ಕೆಲಸ ಕೊಡುತ್ತೇನೆಂದು ಕಾಗದ ಬರೆಯಿತು. ಅವನು ಹೋದ. ತಟ್ಟೆಯನ್ನು ಮತ್ತೆ ಮತ್ತೆ ಹಾಕಿ, ಯಲ್ಲಯ್ಯ ಊದಿದ್ದನ್ನು ಸ್ವರ ಬಿಡದೆ ಕಲಿತ.

“ಒಂಬತ್ತು ವರ್ಷ ಮೇಡಮ್ಮಾರೆ, ಅವನ ಕುಂಟನ್ನ ನಾನು ಊದ್ದೆ. ನೆಟ್ಟಗಿರೋ ಕಾಲು ಇಟ್ಕೊಂಡು.”

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಅದನ್ನು ಹೇಳುವ ಮೊದಲು ಅವರು ನೀರು ಕೇಳಿ ಕುಡಿದರು. 1974ರಲ್ಲಿ ಬೆಳ್ಳಾವಿಯ ಒಂದು ಮದುವೆಗೆ ಹಳೆಯ ಸ್ನೇಹಕ್ಕೆ ಶಿವರಾಮಯ್ಯನೂ ಊದಲು ಬಂದಿದ್ದ. ತಾನು ರೆಕಾರ್ಡಿಗೆ ಊದಿದ್ದೇನೆ ಎಂದು ಯಲ್ಲಯ್ಯ ಹೇಳಿಕೊಂಡಿದ್ದನ್ನು ಬ್ಯಾಂಡಿನವರು ಆಡಿಕೊಂಡು ನಗುತ್ತಿದ್ದರು. ಚಪ್ಪರದ ಕೆಳಗೆ ಎಲ್ಲರೂ ಸೇರಿದ್ದಾಗ ಬ್ಯಾಂಡಿನ ಮೇಸ್ತ್ರಿ ನೇರವಾಗಿ ಶಿವರಾಮಯ್ಯನನ್ನು ಕೇಳಿದ, ಇವನು ಹೇಳೋದು ನಿಜವೇನಯ್ಯ?

“ಕವರ್ ಮೇಲೆ ಯಾರ ಹೆಸರೈತೆ ನೋಡ್ಕೊಳ್ಳಿ ಅಂದುಬುಟ್ಟೆ. ಜನ ನಕ್ರು. ಅವನು ನನ್ನ ಮುಖ ನೋಡ್ದ. ಆಮೇಲೆ ಪೀಪಿ ಎತ್ಕೊಂಡು ಮೆರವಣಿಗೆಗೆ ಊದಕ್ಕೆ ಹೋದ. ಅವತ್ತಿಂದ ಸಾಯೋಗಂಟ ಆ ಮಾತು ಎತ್ಲಿಲ್ಲ.”

ಯಲ್ಲಯ್ಯ ಸತ್ತಿದ್ದು 1991ರಲ್ಲಿ, ಎದೆ ರೋಗದಿಂದ. ಗುಬ್ಬಿಯಲ್ಲಿ ಅವನನ್ನು ಕೊನೆಯವರೆಗೂ ‘ರೆಕಾರ್ಡು’ ಎಂದೇ ಗೇಲಿ ಮಾಡಿದರು. ಕವರ್ ಈಗ ಎಲ್ಲಿದೆ ಎಂದು ಮಾನಸಾ ಕೇಳಿದಳು.

“ಸೇರ್ಬೇಕಾದೋರ ಮನೇಲಿ. ಬನ್ನಿ, ತೋರಿಸ್ತೀನಿ.”

ಸ್ಥಳೀಯ ಠಾಣೆಗೆ ವಿಷಯ ತಿಳಿಸಿ, ಮಗಳಿಗೆ ಹೇಳಿ, ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೆಬ್ಬೂರಿನ ಮೇಲೆ ತುಮಕೂರಿಗೆ ಬಂದು ಗುಬ್ಬಿ ರಸ್ತೆ ಹಿಡಿದರು. ದಾರಿಯಲ್ಲಿ ಶಿವರಾಮಯ್ಯ, ಅರವತ್ತೆಂಟರ ವಯಸ್ಸಿನಲ್ಲೇ ಹೇಳಿಬಿಡಬೇಕೆಂದು ಗುಬ್ಬಿಯವರೆಗೆ ಬಂದು ಬಸ್ ನಿಲ್ದಾಣದಿಂದಲೇ ವಾಪಸ್ ಹೋಗಿದ್ದೆ ಎಂದರು.

ಸಂಜೆ 4.50ಕ್ಕೆ ಗುಬ್ಬಿ. ಯಲ್ಲಯ್ಯನ ಹೆಂಡತಿ ಚಿಕ್ಕಗಂಗಮ್ಮನವರಿಗೆ ಎಪ್ಪತ್ತೆರಡು ವರ್ಷ, ಮೊಮ್ಮಗಳು ಸುಶ್ಮಿತಾ ಜೊತೆಗಿದ್ದಾಳೆ. ಸುಶ್ಮಿತಾ ಶಾಲಾ ಶಿಕ್ಷಕಿ, ಆಗಷ್ಟೇ ಮನೆಗೆ ಬಂದಿದ್ದಳು. ಎದುರು ಅಂಗಡಿಯ ಗಂಗಣ್ಣ ಮತ್ತು ಪಟ್ಟಣ ಪಂಚಾಯ್ತಿಯ ಒಬ್ಬ ನೌಕರನನ್ನು ಪಂಚರಾಗಿ ಕರೆದರು. ಶಿವರಾಮಯ್ಯ ಬೀದಿಯಲ್ಲೇ ನಿಂತು ಬೆರಳು ಮಾಡಿದರು. ಹೊಸ್ತಿಲು ದಾಟಲಿಲ್ಲ.

ಗೋಡೆಯ ಮೇಲೆ ಯಲ್ಲಯ್ಯನ ಫೋಟೋ. ಅದರ ಪಕ್ಕ ಎರಡು ಮೊಳೆಗಳ ಮೇಲೆ ಕವರ್ ನಿಲ್ಲಿಸಿದ್ದರು, ಶಿವರಾಮಯ್ಯನ ಚಿತ್ರವಿದ್ದ ಮುಂಭಾಗ ಗೋಡೆಗೆ, ಹಿಂಭಾಗ ಮನೆಯ ಕಡೆಗೆ. ಐದು ಹೆಸರುಗಳಲ್ಲಿ ಒಂದನ್ನು ನೀಲಿ ಬಾಲ್‌ಪೆನ್ನಿನಿಂದ ಹೊಡೆದುಹಾಕಿ, ಮೇಲೆ ಸೊಟ್ಟ ಅಕ್ಷರದಲ್ಲಿ ಕನ್ನಡದಲ್ಲಿ ‘ಯಲ್ಲಯ್ಯ, ಗುಬ್ಬಿ’ ಎಂದು ಬರೆದಿತ್ತು. ಭಾನುವಾರ ಸಂಜೆ ಶಿವರಾಮಯ್ಯ ಗುಬ್ಬಿಯ ಬಸ್ ನಿಲ್ದಾಣದಲ್ಲಿ ಕೂತು ಅದನ್ನು ಬರೆದು, ಇಲ್ಲಿಗೆ ಬಂದು ಎಲ್ಲ ಹೇಳಿದ್ದರು. ಚಿಕ್ಕಗಂಗಮ್ಮ ಕೈ ಚಾಚಿರಲಿಲ್ಲ. ಶಿವರಾಮಯ್ಯ ಅದನ್ನು ಜಗಲಿಯ ಮೇಲಿಟ್ಟು ಹೋದ ಮೇಲೆ ಸುಶ್ಮಿತಾ ಓದಿ ಹೇಳಿದ್ದಳು, ಆಗ ಒಳಗೆ ತಂದಿದ್ದರು.

ಇದು ಕಳುವಿನ ಮಾಲು, ಜಪ್ತಿ ಮಾಡಬೇಕು ಎಂದು ಮಾನಸಾ ಹೇಳಿದಳು. ಇಷ್ಟು ವರ್ಷದ ನೌಕರಿಯಲ್ಲಿ ಆ ವಾಕ್ಯ ಹೇಳಲು ಅವಳಿಗೆ ಅಷ್ಟು ಕಷ್ಟವಾಗಿದ್ದು ಅದೇ ಮೊದಲು.

“ಅವತ್ತು ಇವ್ನು ತಗೊಂಡೋದ,” ಎಂದರು ಚಿಕ್ಕಗಂಗಮ್ಮ. “ಇವತ್ತು ನೀವು. ತಗೊಂಡೋಗಿ.”

ರೆಕಾರ್ಡು ಯಾವತ್ತಾದರೂ ಕೇಳಿದ್ದೀರಾ ಎಂದು ಮಾನಸಾ ಕೇಳಿದಳು. ಇಲ್ಲ. ಮನೆಯಲ್ಲಿ ಗ್ರಾಮಫೋನ್ ಇರಲಿಲ್ಲ, ಮೊಬೈಲಿನಲ್ಲಿ ಸಿಗುತ್ತದೆಂದು ಸುಶ್ಮಿತಾಗೂ ಗೊತ್ತಿರಲಿಲ್ಲ. ಮಾನಸಾ ತನ್ನ ಮೊಬೈಲಿನಲ್ಲಿ ಹುಡುಕಿ ಹಾಕಿದಳು. ಬೀದಿಯವರು ಒಬ್ಬೊಬ್ಬರಾಗಿ ಬಾಗಿಲ ಬಳಿ ಸೇರಿದರು. ಪಿಯಾನೋ ಬಂತು, ಡ್ರಮ್ಮು ಬಂತು. ಚಿಕ್ಕಗಂಗಮ್ಮ ಎಲೆಅಡಿಕೆ ಅಗಿಯುತ್ತ ಅನ್ಯಮನಸ್ಕರಾಗಿ ಕೂತಿದ್ದರು. ಸ್ಯಾಕ್ಸೋಫೋನ್ ಶುರುವಾದಾಗಲೂ ಮುಖ ಬದಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಅಗಿಯುವುದು ನಿಂತಿತು. ಮೊಬೈಲ್ ಹಿಡಿದ ಮಾನಸಾಳ ಕೈಯನ್ನು ಅವರು ಹತ್ತಿರಕ್ಕೆ ಎಳೆದುಕೊಂಡರು.

“ಪೀಪಿ ನಂಗೆ ತಿಳಿಯಕ್ಕಿಲ್ಲ ಕಣವ್ವ. ಅದ್ರ ಕೆಳಗೆ ಐತಲ್ಲ ಸದ್ದು, ಅದು ಅವ್ರ ಕಾಲು. ಮದ್ವೆ ಮುಗ್ಸಿ ಹಿಂಗೇ ಬರೋರು ಮನೆಗೆ. ಬೀದಿ ಕೊನೇಗಿರ್ಬೇಕಾದ್ರೇ ಒಲೆ ಹಚ್ಚೋಳು ನಾನು.”

ಹಾಡು ಮುಗಿಯಿತು. ಚಿಕ್ಕಗಂಗಮ್ಮ ಎದ್ದು ಬಾಗಿಲಿಗೆ ಹೋದರು. ಶಿವರಾಮಯ್ಯ ಜೀಪಿಗೆ ಒರಗಿ ನಿಂತಿದ್ದರು.

“ಬೆಳ್ಳಾವೀಲಿ ಯೋಳ್ಬೇಕಿತ್ತು ಕಣಪ್ಪ ನೀನು. ನಾನೊಬ್ಳು ಕೇಳುಸ್ಕಂಡು ಏನ್ ಮಾಡ್ಲಿ?”

ಶಿವರಾಮಯ್ಯ ಗಂಗಣ್ಣನ ಅಂಗಡಿಯ ಕಡೆ, ನೆರೆದಿದ್ದ ಇಪ್ಪತ್ತು ಮೂವತ್ತು ಜನರ ಕಡೆ ತಿರುಗಿದರು. ಎಪ್ಪತ್ತೆಂಟರ ವಯಸ್ಸಿನಲ್ಲೂ ಊದುವವರ ಎದೆ, ಧ್ವನಿ ಬೀದಿಯ ಕೊನೆಯವರೆಗೆ ಹೋಯಿತು.

“ಆ ರೆಕಾರ್ಡಲ್ಲಿ ಊದಿದ್ದು ಯಲ್ಲಯ್ಯ. ನಾನು ಮೂಲೇಲಿ ಕೂತಿದ್ದೆ. ಅವನು ಸುಳ್ಳು ಹೇಳಿರ್ಲಿಲ್ಲ, ನಾನು ಹೇಳಿದ್ದೆ.”

ಜನರಲ್ಲಿ ಒಂದಿಬ್ಬರು ಮುದುಕರು ಮುಖ ಬೇರೆ ಕಡೆ ಮಾಡಿದರು. ‘ರೆಕಾರ್ಡು’ ಎಂದು ಕರೆದವರಲ್ಲಿ ಅವರೂ ಇದ್ದಿರಬೇಕು.

ಜಗಲಿಯ ಮೇಲೆ ಕೂತು ಭೀಮರಾಜ್ ಜಪ್ತಿ ಪಂಚನಾಮೆ ಬರೆದ, ಮಾನಸಾ ಹೇಳುತ್ತ ಹೋದಳು. ಕವರಿನ ಅಳತೆ, ಬಣ್ಣ, ಮುಂಭಾಗದ ಚಿತ್ರ. ಹಿಂಭಾಗದ ವಿವರ ಬಂದಾಗ ಅವಳು ಅವಸರ ಮಾಡದೆ ಒಂದೊಂದೇ ಪದ ಹೇಳಿದಳು. ಭೀಮರಾಜನಿಗೂ ಅರ್ಥವಾಯಿತು, ಅಕ್ಷರ ದುಂಡಗೆ ಬರೆದ. ಪಂಚರ ಸಹಿಯಾದ ಮೇಲೆ, ನಿಯಮದಂತೆ ಒಂದು ಪ್ರತಿಯನ್ನು ಚಿಕ್ಕಗಂಗಮ್ಮನವರಿಗೆ ಕೊಟ್ಟು 5.55ಕ್ಕೆ ಸ್ವೀಕೃತಿಯ ಹೆಬ್ಬೆಟ್ಟು ಹಾಕಿಸಿಕೊಂಡರು.

ವಯಸ್ಸು ನೋಡಿ ಶಿವರಾಮಯ್ಯನವರಿಗೆ ನೋಟಿಸು ಕೊಟ್ಟು ಕಳಿಸಬೇಕೆಂದು ಮಾನಸಾ ಅಂದುಕೊಂಡಿದ್ದಳು. ಅವರು ಒಪ್ಪಲಿಲ್ಲ.

“ಮನೆಗೆ ಕಳಿಸಬ್ಯಾಡಿ. ಮನೆಗೆ ಹೋದ್ರೆ ಭಾನುವಾರ ಬಂದು ಹಾರ ಹಾಕ್ತಾರೆ.”

ಸಂಜೆ 6.10ಕ್ಕೆ ಬಂಧನದ ಮೆಮೋ ಬರೆದು ಕುಣಿಗಲ್ಲಿನ ಮಗಳಿಗೆ ತಿಳಿಸಲಾಯಿತು. ಗುರುವಾರ ಕೋರ್ಟಿಗೆ ಹಾಜರುಪಡಿಸಿದಾಗ ಅವರಿಗೆ ಜಾಮೀನು ಸಿಕ್ಕಿತು. ಕಿರಣ್‌ಕುಮಾರ್ ಕೋರ್ಟಿನ ಹೊರಗೆ ಕಾದಿದ್ದು ಅವರ ಕೈ ಹಿಡಿದುಕೊಂಡ. ನೀವು ಹೇಳಿದಾಗ ನಾನು ಕೇಳಿಸಿಕೊಳ್ಳಲಿಲ್ಲ ಎಂದು ಅತ್ತ. ಸನ್ಮಾನ ರದ್ದಾಯಿತು. ಹೊಡೆದ ಗೀಟು, ಬರೆದ ಹೆಸರು ಎಲ್ಲವೂ ಇದ್ದ ಹಾಗೇ ಕವರ್ ಅಚ್ಚಾಗಬೇಕೆಂದು ಅವನು ಕಂಪನಿಯನ್ನು ಒಪ್ಪಿಸಿದ.

ಶುಕ್ರವಾರ ಬೆಳಿಗ್ಗೆ 11.20ಕ್ಕೆ, ಅದೇ ಹೊತ್ತು ನೋಡಿಕೊಂಡು, ಮಾನಸಾ ಮಂಡಿಪೇಟೆಗೆ ಹೋದಳು. ಮಲ್ಲಿಕಾರ್ಜುನ್ ಒಳಗೆ ಬನ್ನಿ ಎಂದ. ಅವಳು ಒಳಗೆ ಹೋಗಲಿಲ್ಲ. ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವ ಹಾಗೆ, ಇವರದ್ದೇನೂ ತಪ್ಪಿರಲಿಲ್ಲ, ತಪ್ಪು ನನ್ನದು ಎಂದು ಬೀದಿಯಲ್ಲೇ ನಿಂತು ಹೇಳಿದಳು. ಮೂರು ದಿನದ ಭಾರವೇ ಇಷ್ಟಿದ್ದರೆ ಐವತ್ತೊಂದು ವರ್ಷದ್ದು ಎಷ್ಟಿರಬೇಕೆಂದು ವಾಪಸ್ ಬರುವಾಗ ಲೆಕ್ಕ ಹಾಕಲು ಹೋಗಿ ಬಿಟ್ಟಳು.

ದೋಷಾರೋಪ ಪಟ್ಟಿಯಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದ ಕಡೆ ಶಿವಮೂರ್ತಿ ‘ದುರಾಸೆಯಿಂದ’ ಎಂದು ಅಭ್ಯಾಸಬಲದಿಂದ ಟೈಪು ಮಾಡಿದ್ದ. ಮಾನಸಾ ಅದನ್ನು ಹೊಡೆದು, ‘ತನ್ನದಲ್ಲದ ಹೆಸರನ್ನು ಹಿಂದಿರುಗಿಸುವ ಸಲುವಾಗಿ’ ಎಂದು ಬರೆದಳು.

ಭಾನುವಾರ ಊರಿಗೆ ಹೋಗಿದ್ದ ಭೀಮರಾಜ್ ಚಿಕ್ಕಗಂಗಮ್ಮನವರ ಮನೆಗೆ ಹೋಗಿ ಬಂದ. ಯಲ್ಲಯ್ಯನ ಫೋಟೋದ ಪಕ್ಕ, ಕವರ್ ಇದ್ದ ಜಾಗದಲ್ಲಿ, ಪಂಚನಾಮೆಯ ಪ್ರತಿಗೆ ಗಾಜು ಹಾಕಿಸಿ ತೂಗುಹಾಕಿದ್ದಾರೆ ಎಂದು ಸೋಮವಾರ ಬಂದು ಹೇಳಿದ. ಠಾಣೆಯ ಮುದ್ರೆ, ಇಬ್ಬರು ಪಂಚರ ಸಹಿ, ಕೆಳಗೆ ಮಾನಸಾಳ ಸಹಿ. ಮೂರನೆಯ ಪ್ಯಾರಾಕ್ಕೆ ಸುಶ್ಮಿತಾ ಕೆಂಪು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದಾಳೆ: ‘ಸದರಿ ಕವರಿನ ಹಿಂಭಾಗದಲ್ಲಿ ಸ್ಯಾಕ್ಸೋಫೋನ್ ವಾದಕರ ಹೆಸರು ಯಲ್ಲಯ್ಯ, ಗುಬ್ಬಿ ಎಂದು ಇರುತ್ತದೆ.’